ನೋಟದ ಸೂತಕ



ವೀರಶೈವನಾದವನು ದಿನವೂ ಮಿಂದು, ವಿಭೂತಿಯನ್ನು ಧರಿಸಿ, ಇಷ್ಟಲಿಂಗವನ್ನು ಎಡದ ಕರಸ್ಥಲದಲ್ಲಿರಿಸಿಕೊಂಡು ಅದರಲ್ಲಿ ದೃಷ್ಟಿಯನ್ನು ನೆಡುತ್ತಾನೆ. ಆ ಲಿಂಗಕ್ಕೆ ಕಣ್ಣಿಲ್ಲ, ಮೂಗಿಲ್ಲ, ತುಟಿಯಿಲ್ಲ. ಚೆಲುವೆನ್ನಲು ಮುಖವೇ ಇಲ್ಲ. ಮುಖವಿಲ್ಲದುದರಲ್ಲಿ ಪರಶಿವನನ್ನು ಕಾಣುವ ಅಭ್ಯಾಸವನ್ನು ಶರಣರು ನಮಗೇಕೆ ಕೊಟ್ಟರು? ಕಣ್ಣು ಆಕಾರದಲ್ಲಿಯೇ ನಿಂತುಬಿಡದೆ ಅದರಾಚೆಗೆ ಹೋಗುವುದನ್ನು ಕಲಿಯಲೆಂದು. ಪೂಜೆ ಮುಗಿಸಿ ಹೊಸ್ತಿಲು ದಾಟಿದೊಡನೆ ಆ ಕಲಿಕೆ ಎಲ್ಲಿ ಹೋಗುತ್ತದೆಂಬುದೇ ಇಂದಿನ ವಿಚಾರ.

ಕೆಲವು ವರ್ಷಗಳ ಹಿಂದೆ ಹಿರಿಯ ಗೃಹಿಣಿಯೊಬ್ಬರು ಮಠಕ್ಕೆ ಬಂದು, ಬಹಳ ಹೊತ್ತು ಸುಮ್ಮನಿದ್ದು, ಕಡೆಗೆ ಹೀಗೆಂದರು: “ಬುದ್ಧೀ, ಮೊಮ್ಮಗನ ತುಟಿ ಸೀಳಿದೆ. ಲಿಂಗಧಾರಣೆಯನ್ನು ತುಟಿ ಹೊಲಿಸಿದ ಮೇಲೆ ಇಟ್ಟುಕೊಳ್ಳಬಹುದೇ? ನಾಲ್ಕು ಜನ ನೋಡುತ್ತಾರೆ.” ಹಿಂದೆ ನಿಂತಿದ್ದ ಸೊಸೆ ಮಗುವಿನ ಮುಖಕ್ಕೆ ಸೆರಗು ಮುಚ್ಚಿ ತಲೆ ತಗ್ಗಿಸಿದ್ದಳು. 2022ರ ದೀಪಾವಳಿಯ ಅಮಾವಾಸ್ಯೆಗೆ ಸೂರ್ಯಗ್ರಹಣವಾಯಿತಷ್ಟೆ; ಆಗ ಆಕೆಗೆ ಐದು ತಿಂಗಳು. ಗ್ರಹಣದ ಹೊತ್ತಿನಲ್ಲಿ ಈಳಿಗೆಮಣೆಯ ಮುಂದೆ ಕುಳಿತು ತರಕಾರಿ ಹೆಚ್ಚಿದಳಂತೆ. ಅದರಿಂದಲೇ ಕೂಸಿನ ತುಟಿ ಸೀಳಿತೆಂಬುದು ಮನೆಯವರೆಲ್ಲರ ತೀರ್ಮಾನ.

ಈ ತೀರ್ಮಾನವನ್ನು ಮೊದಲು ಪರೀಕ್ಷಿಸೋಣ. ಗರ್ಭದಲ್ಲಿ ಶಿಶುವಿನ ಮುಖವು ಎರಡು ಪಕ್ಕಗಳಿಂದ ಬೆಳೆಯುತ್ತ ಬಂದು ನಡುವೆ ಕೂಡಿಕೊಳ್ಳುತ್ತದೆ. ತುಟಿ ಕೂಡುವುದು 4ರಿಂದ 7ನೆಯ ವಾರದೊಳಗೆ. ಅಂಗುಳ ಕೂಡುವುದು 6ರಿಂದ 9ನೆಯ ವಾರದೊಳಗೆ. ಕೂಡಬೇಕಾದುದು ಕೂಡದೆ ಉಳಿದರೆ ಅದೇ ಸೀಳುತುಟಿ, ಅದೇ ಸೀಳು ಅಂಗುಳ. ತಾನು ಗರ್ಭಿಣಿಯೆಂದು ತಾಯಿಗೆ ದೃಢವಾಗುವ ಹೊತ್ತಿಗೇ ಈ ಕಾರ್ಯವು ಬಹುಮಟ್ಟಿಗೆ ಮುಗಿದಿರುತ್ತದೆ. ಐದನೆಯ ತಿಂಗಳ ಗ್ರಹಣವು ಎರಡನೆಯ ತಿಂಗಳ ಕಾರ್ಯವನ್ನು ಕೆಡಿಸುವುದೆಂತು? ಗ್ರಹಣವೇ ಕಾಣದ ದೇಶಗಳಲ್ಲಿಯೂ, ಗ್ರಹಣ ಕಾಣದ ವರ್ಷಗಳಲ್ಲಿಯೂ ಇಂತಹ ಮಕ್ಕಳು ಹುಟ್ಟುತ್ತಾರೆ. ಲೋಕದಲ್ಲಿ ಸಾವಿರ ಹೆರಿಗೆಗಳಿಗೆ ಸುಮಾರು ಒಂದರಂತೆ ಎನ್ನುತ್ತಾರೆ. ವಂಶದಿಂದ ಬಂದ ಗುಣ, ಗರ್ಭಿಣಿಯ ಧೂಮಪಾನ, ಮಧುಮೇಹ, ಕೆಲವು ಔಷಧಗಳು ಇದಕ್ಕೆ ಕಾರಣವಾಗಬಲ್ಲವು. ಅನೇಕ ವೇಳೆ ಇಂಥದೇ ಕಾರಣವೆಂದು ವೈದ್ಯರೂ ಬೆರಳಿಟ್ಟು ತೋರಲಾರರು. ಈಳಿಗೆಮಣೆ ಮಾತ್ರ ಕಾರಣವಲ್ಲ. ಆ ಹೆಣ್ಣುಮಗಳು ತಿಂಗಳುಗಟ್ಟಲೆ ಹೊತ್ತ ಅಪರಾಧವು ಆಕೆ ಮಾಡದ ಅಪರಾಧ.

ಇನ್ನು ಕೆಲವರು ಹಿಂದಿನ ಜನ್ಮದ ಪಾಪವೆನ್ನುತ್ತಾರೆ. ಲಿಂಗಧಾರಿಗೆ ಪೂರ್ವಾಶ್ರಯವಿಲ್ಲವೆಂದು ಬಾಯಲ್ಲಿ ಹೇಳಿ, ಕೂಸಿನ ಮುಖದಲ್ಲಿ ಪೂರ್ವಜನ್ಮವನ್ನು ಓದಹೊರಡುವುದು ಯಾವ ಧರ್ಮ? ಜನನ, ಜಾತಿ, ಪ್ರೇತ, ರಜಸ್ಸು, ಉಚ್ಛಿಷ್ಟವೆಂಬ ಐದು ಸೂತಕಗಳನ್ನು ಶರಣರು 12ನೆಯ ಶತಮಾನದಲ್ಲಿಯೇ ಕಳೆದರು. ನಾವೋ ಆರನೆಯದೊಂದನ್ನು ಉಳಿಸಿಕೊಂಡಿದ್ದೇವೆ. ಅದು ನೋಟದ ಸೂತಕ. ಸೀಳುತುಟಿಯನ್ನು, ಸುಟ್ಟ ಕೆನ್ನೆಯನ್ನು, ತೊನ್ನಿನ ಬಿಳುಪನ್ನು ಕಂಡು ಮುಖ ತಿರುಗಿಸುತ್ತೇವೆ. ಇಲ್ಲವೇ ಕಣ್ಣು ಕೀಳದೆ ನೋಡುತ್ತೇವೆ. ತೊನ್ನು ಅಂಟುರೋಗವಲ್ಲ, ಆದರೂ ಪಂಕ್ತಿಯಲ್ಲಿ ಪಕ್ಕದ ಎಲೆ ಖಾಲಿ ಉಳಿಯುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಆಮ್ಲದಾಳಿಗೆ ಗುರಿಯಾದವರಿಗೂ ರಕ್ಷಣೆಯನ್ನು ವಿಧಿಸಿತು. ಕಾಯಿದೆಯು ಹಕ್ಕನ್ನು ಕೊಡಬಲ್ಲುದು. ಪಕ್ಕದ ಎಲೆಯ ಮುಂದೆ ಕುಳಿತುಕೊಳ್ಳಬೇಕಾದವರು ನಾವು.

ಅಕ್ಕಮಹಾದೇವಿಯ ಚರಿತೆಯನ್ನು ನೆನೆಯಿರಿ. ಆಕೆ ಚೆಲುವೆ, ಆದರೆ ಆ ಚೆಲುವೇ ಆಕೆಗೆ ಸಂಕೋಲೆಯಾಯಿತು. ಕೌಶಿಕ ರಾಜನು ರೂಪವನ್ನು ಕಂಡನು, ಮಹಾದೇವಿಯನ್ನು ಕಾಣಲಿಲ್ಲ. ರೂಪಕ್ಕೆ ಮರುಳಾಗುವ ಕಣ್ಣೂ ಕುರೂಪವೆಂದು ಹೇಸುವ ಕಣ್ಣೂ ಬೇರೆಯಲ್ಲ. ಎರಡೂ ತೊಗಲಿನಲ್ಲಿಯೇ ನಿಂತ ಕಣ್ಣುಗಳು. ಹೆಣ್ಣು ನೋಡುವ ಶಾಸ್ತ್ರಕ್ಕೆ ಹೋಗಿ, ಮೇಲ್ದುಟಿಯ ಮೇಲಿನ ಒಂದು ಗೆರೆಗಾಗಿ ಗುಣವತಿಯನ್ನು ಬೇಡವೆಂದು ಬರುವ ನಾವು ಕೌಶಿಕನಿಗಿಂತ ಎಷ್ಟು ಮುಂದೆ ಬಂದಿದ್ದೇವೆ?

ಆ ತಾಯಿಗೆ ನಾವು ಕೇಳಿದುದು ಇಷ್ಟೆ: “ಎಂಟನೆಯ ತಿಂಗಳಲ್ಲಿ ಗರ್ಭಕ್ಕೆ ಲಿಂಗಧಾರಣೆ ಮಾಡಿಸಿದಿರಲ್ಲವೇ? ಆಗ ಮುಖ ಹೇಗಿದೆಯೆಂದು ಯಾರಾದರೂ ಕೇಳಿದರೇ?” ಆಕೆ ಮಾತನಾಡಲಿಲ್ಲ. ಗರ್ಭದ ಕತ್ತಲೆಯಲ್ಲಿ ಒಪ್ಪಿಕೊಂಡ ಲಿಂಗವು ಬೆಳಕಿಗೆ ಬಂದ ಮೇಲೆ ಒಲ್ಲೆನೆನ್ನುವುದೇ? ಲಿಂಗಧಾರಣೆಯು ಶಸ್ತ್ರಚಿಕಿತ್ಸೆಗೆ ಕಾಯಬೇಕಾಗಿಲ್ಲ. ಮಗುವಿನ ಮಾನವೂ ಕಾಯಬೇಕಾಗಿಲ್ಲ.

ಹಾಗೆಂದು ಚಿಕಿತ್ಸೆಯನ್ನು ಅಲಕ್ಷಿಸತಕ್ಕದ್ದಲ್ಲ. ದೇಹವು ಶಿವನ ಮನೆ. ಮನೆಯ ದುರಸ್ತಿಯೂ ಪೂಜೆಯೇ. ಸೀಳಿನ ದೆಸೆಯಿಂದ ಮಗುವಿಗೆ ಮೊಲೆ ಚೀಪುವುದು ಕಷ್ಟವಾಗಬಹುದು; ಆಗ ತಲೆಯನ್ನು ಎತ್ತಿ ಹಿಡಿದು ಹಾಲನ್ನು ಸ್ವಲ್ಪಸ್ವಲ್ಪವಾಗಿ ಕುಡಿಸಬೇಕು. ತುಟಿಯನ್ನು ಸಾಮಾನ್ಯವಾಗಿ 3ರಿಂದ 6 ತಿಂಗಳೊಳಗೆ, ಅಂಗುಳವನ್ನು 9ರಿಂದ 18 ತಿಂಗಳೊಳಗೆ ಹೊಲಿಯುತ್ತಾರೆ. ಮುಂದೆ ಮಾತಿನ ಅಭ್ಯಾಸವೂ ಬೇಕಾಗಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇದೂ ಸೇರಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿರಿ. ಮಗುವನ್ನು ಸೆರಗಿನಲ್ಲಿ ಮುಚ್ಚಿಟ್ಟ ಮನೆಗೆ ಈ ಸಹಾಯವು ತಡವಾಗಿ ಮುಟ್ಟುತ್ತದೆ. ಕೆಲವೊಮ್ಮೆ ಮುಟ್ಟುವುದೇ ಇಲ್ಲ.

ಮುಂದಿನ ಸೋಮವಾರವೇ ಲಿಂಗಧಾರಣೆ ನಡೆಯಿತು. ನಾಲ್ಕು ಜನ ಬಂದರು, ನೋಡಿದರು. ಅಜ್ಜಿ ತಾವೇ ಸೆರಗನ್ನು ಸರಿಸಿದರು. ತುಟಿಯನ್ನು ಹೊಲಿದುದು ಅನಂತರ. ಸಣ್ಣದೊಂದು ಗೆರೆ ಉಳಿದಿದೆ, ಉಳಿಯಲಿ. ಗೆರೆಯನ್ನು ಎಣಿಸದ ಕಣ್ಣು ಆ ಮನೆಗೆ ಬಂದಿದೆ.

ನಾಳೆ ಬೆಳಗ್ಗೆ ಕರಸ್ಥಲದ ಲಿಂಗದಲ್ಲಿ ದೃಷ್ಟಿ ನೆಡುವಾಗ ಒಂದನ್ನು ಬೇಡಿಕೊಳ್ಳಿರಿ: ಈ ನೋಟವೇ ಬೀದಿಯಲ್ಲಿಯೂ ನನ್ನೊಡನೆ ಬರಲಿ ಎಂದು. ಸರ್ವರಿಗೂ ಮಂಗಳವಾಗಲಿ.