ಕಾಗದ ಹೇಳುವ ಸುಳ್ಳು

ಇವತ್ತು ಒಂದು ಪ್ರಶ್ನೆ. ಬಾಯಿ ಬಿಟ್ಟು ಸುಳ್ಳು ಹೇಳದೆ, ಸುಳ್ಳು ಕಾಗದ ಮಾತ್ರ ಇಟ್ಟುಕೊಂಡ್ರೆ ಅದು ಪಾಪವೋ?

ಕ್ರಿ.ಶ. 250ರ ಹೊತ್ತಿಗೆ ರೋಮ್ ಚಕ್ರವರ್ತಿ ಡೆಸಿಯಸ್ ಒಂದು ಆಜ್ಞೆ ತಂದ. ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ, ಅಧಿಕಾರಿಗಳ ಸಹಿ ಇರುವ ಪತ್ರ ಪಡೆಯಬೇಕು. ಅಂಥ ಪತ್ರಗಳು ಈಜಿಪ್ಟಿನಲ್ಲಿ ಸಿಕ್ಕಿವೆ. ಕೆಲವು ವಿಶ್ವಾಸಿಗಳು ಜೀವಭಯದಿಂದ ಬಲಿ ಕೊಟ್ಟರು. ಇನ್ನು ಕೆಲವರು ಬಲಿ ಕೊಡಲಿಲ್ಲ, ಹಣ ಕೊಟ್ಟು ಪತ್ರ ಮಾತ್ರ ತಗೊಂಡ್ರು. ನಾವೇನೂ ವಿಗ್ರಹದ ಮುಂದೆ ನಿಲ್ಲಲಿಲ್ವಲ್ಲ ಅಂತ ಅವರಿಗೆ ಸಮಾಧಾನ.

ನಾನು ಅವರನ್ನು ಬೈಯಲಾರೆ. ಮೊದಲ ಕೆಲಸಕ್ಕೆ ನಾನೂ ಇಲ್ಲದ ಅನುಭವದ ಲೆಟರ್ ಮಾಡಿಸಿಕೊಂಡಿದ್ದೆ. ಅವರಿಗೆ ಪ್ರಾಣದ ಭಯ. ನನಗೆ ಬರೀ ಬಾಡಿಗೆಯ ಚಿಂತೆ. ಇಂಟರ್‌ವ್ಯೂನಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆದ್ರೆ ಆ ಕಾಗದ ನನ್ನ ಹೆಸರಲ್ಲೇ ಸಾಕ್ಷಿ ಹೇಳ್ತಿತ್ತು.

251ರಲ್ಲಿ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮತ್ತು ಇತರ ಬಿಷಪರು ಕೂಡಿ ಇದನ್ನೇ ವಿಚಾರಿಸಿದರು. ಬಲಿ ಕೊಟ್ಟವರನ್ನೂ ಪತ್ರ ಕೊಂಡವರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ಹಾಗಂತ ಪತ್ರ ಕೊಂಡವರನ್ನು ನಿರ್ದೋಷಿಗಳು ಅನ್ನಲೂ ಇಲ್ಲ. ಒಬ್ಬೊಬ್ಬರ ಸಂಗತಿ ವಿಚಾರಿಸಿ, ಮಾನಸಾಂತರಪಟ್ಟವರನ್ನು ಸೇರಿಸಿಕೊಂಡರು. ರೋಮಿನಲ್ಲಿ ನೊವಾಟಿಯನ್ ಅಂಥವರಿಗೆ ಸಭೆಯ ಬಾಗಿಲೇ ಇಲ್ಲ ಅಂದ. ಸಭೆ ಅವನ ದಾರಿ ಹಿಡಿಯಲಿಲ್ಲ.

ಪಾಪವನ್ನು ಪಾಪ ಅನ್ನಬೇಕು, ಬಾಗಿಲನ್ನೂ ತೆರೆದಿಡಬೇಕು. ಎರಡು ವರ್ಷ ಆದ್ಮೇಲೆ ನಾನು ಮ್ಯಾನೇಜರ್ ಮುಂದೆ ಒಪ್ಪಿಕೊಂಡೆ. ಕೆಲಸ ಹೋಯ್ತು. ಪ್ರಾರ್ಥನೆಯಲ್ಲಿ ತಲೆ ಎತ್ತೋ ಧೈರ್ಯ ಬಂತು.

ನಿಮ್ಮ ಫೈಲಿನಲ್ಲೂ ಅಂಥ ಕಾಗದ ಇದ್ರೆ, ಆರಾಧನೆ ಮುಗಿದ ಮೇಲೆ ಬನ್ನಿ. ಒಟ್ಟಿಗೆ ಪ್ರಾರ್ಥಿಸೋಣ. ಆಮೆನ್.