ಜನಾಝ: ಹೊರುವ ಹೆಗಲು ಯಾರದು?



ಊರಿನಲ್ಲಿ ನಾವು ಮಯ್ಯಿತ್, ಜನಾಝ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಆದರೆ ಮಯ್ಯಿತ್ ಎಂದರೆ ಮೃತ ವ್ಯಕ್ತಿ. ಜನಾಝ ಎಂಬ ಅರಬಿ ಪದಕ್ಕೆ ಮೃತದೇಹವೆಂಬ ಅರ್ಥವೂ ಇದೆ, ಅದನ್ನು ಹೊತ್ತೊಯ್ಯುವ ಮಂಚವೆಂಬ ಅರ್ಥವೂ ಇದೆ. ಮಂಚ ತಾನಾಗಿ ನಡೆಯದು, ಹೆಗಲು ಬೇಕು.

ಊರಿನಲ್ಲಿ ಜಮಾಅತ್‌ಗೆ ಸುದ್ದಿ ಮುಟ್ಟಿದರೆ ಸಾಕು, ಖಬರ್ ತೋಡುವುದರಿಂದ ಹಿಡಿದು ಎಲ್ಲವೂ ನಡೆಯುತ್ತದೆ. ಬರ್ಮಿಂಗ್‌ಹ್ಯಾಮ್‌ನಲ್ಲೋ ಲೀಡ್ಸ್‌ನಲ್ಲೋ ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿರುವವನಿಗೆ ಯಾರಿದ್ದಾರೆ?

ಜನಾಝ ನಮಾಝ್, ದಫನ ಫರ್ಝ್ ಕಿಫಾಯ. ಕೆಲವರು ನೆರವೇರಿಸಿದರೆ ಎಲ್ಲರ ಹೊಣೆಯೂ ತೀರಿತು. ಯಾರೂ ನೆರವೇರಿಸದಿದ್ದರೆ ತಿಳಿದವರೆಲ್ಲರೂ ಪಾಪಿಗಳು. 'ಬೇರೆ ಯಾರಾದರೂ ಹೋಗುತ್ತಾರೆ' ಎಂದು ಎಲ್ಲರೂ ಶಿಫ್ಟಿಗೆ ಹೊರಟರೆ?

ದಫನವನ್ನು ತಡಮಾಡಬಾರದೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಇಲ್ಲಿ ಮೆಡಿಕಲ್ ಎಕ್ಸಾಮಿನರ್ ಅಥವಾ ಕೊರೊನರ್ ನೋಡಬೇಕು. 2024ರ ಸೆಪ್ಟೆಂಬರ್ 9ರಿಂದ ಇದು ಕಾನೂನು. ಬಳಿಕ ಮರಣ ನೋಂದಾಯಿಸಿ, ಸಾಮಾನ್ಯವಾಗಿ ರಿಜಿಸ್ಟ್ರಾರ್ ಕೊಡುವ ಹಸಿರು ಫಾರಂ ಪಡೆಯಬೇಕು. ಊರಿಗೆ ಕಳುಹಿಸುವುದಾದರೆ ಕೊರೊನರ್‌ಗೆ ತಿಳಿಸಲೇಬೇಕು. ಆದ್ದರಿಂದ ಇಲ್ಲಿ ಹೆಗಲು ಕೊಡುವುದೆಂದರೆ ಮಂಚ ಹೊರುವುದಷ್ಟೇ ಅಲ್ಲ. ಒಂದು ದಿನದ ಕೂಲಿ ಬಿಟ್ಟು ಕಚೇರಿಯಲ್ಲಿ ಕಾಯುವುದೂ ಹೌದು, ಊರಿನ ತಾಯಿಗೆ ಫೋನ್ ಮಾಡುವುದೂ ಹೌದು.

ಜೊತೆಗಾರನ ಮನೆಯ ನಂಬರ್ ನಿಮ್ಮಲ್ಲಿದೆಯೇ? ದಫನ ಇಲ್ಲೋ ಊರಿನಲ್ಲೋ ಎಂಬ ಅವನ ಇಚ್ಛೆ ಗೊತ್ತೇ? ಇಂದು ಇಫ್ತಾರ್ ಮುಗಿದೊಡನೆ ಕೇಳಿಕೊಳ್ಳಿ, ನಿಮ್ಮದನ್ನೂ ತಿಳಿಸಿ.

ಅಲ್ಲಾಹನು ನಮಗೆ ತೌಫೀಕ್ ನೀಡಲಿ, ಆಮೀನ್.