ತಲಿ ತಗ್ಗಿಸವ್ವ, ಫೋಟೋ ತೆಗೀತೀನಿ

ದೇವದುರ್ಗ, ಮಾನ್ವಿ ಕಡೆಯ ನಮ್ಮ ಕೇರಿಯ ಗೋಡೆಗಳಲ್ಲಿ ಎರಡು ಫೋಟೋ ಕಾಣುತ್ತೇವೆ. ಒಂದು ಬಾಬಾಸಾಹೇಬರದು. ಇನ್ನೊಂದು ಮನೆಯವರ ಮದುವೆಯದು. ಹಳೆಯದಾದರೆ ರಾಯಚೂರಿನ ಸ್ಟುಡಿಯೋದ್ದು: ಗಂಡ ಕುರ್ಚಿಯ ಮೇಲೆ, ಹೆಂಡತಿ ಪಕ್ಕದಲ್ಲಿ ನಿಂತು, ಹಿಂದಿನ ಪರದೆಯಲ್ಲಿ ಯಾರದೋ ಬಂಗಲೆಯ ಮೆಟ್ಟಿಲು. ಇತ್ತೀಚಿನದಾದರೆ ಬಣ್ಣದ ಆಲ್ಬಮ್ಮು, ನೆತ್ತಿಯ ಮೇಲೆ ಹಾರುವ ಡ್ರೋನು. ಯಂತ್ರ ಬದಲಾಗಿದೆ. 'ತಲಿ ತಗ್ಗಿಸವ್ವ, ಹಲ್ಲು ಕಾಣಬಾರ್ದು, ಸ್ವಲ್ಪ ನಾಚಿಗಿ ಇರ್ಲಿ' ಎಂಬ ಮಾತು ಬದಲಾಗಿಲ್ಲ.

ಯಾರಿಗೆ ಹೇಳುತ್ತಾರೆ ಇದನ್ನು? ಹತ್ತಿ ಬಿಡಿಸಿ ಬೆರಳು ಹರಿದುಕೊಂಡವಳಿಗೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಸರಿನಲ್ಲಿ ಸೊಂಟ ಬಗ್ಗಿಸಿ ನೆಲ್ಲು ನಾಟಿ ಹಚ್ಚಿದವಳಿಗೆ. ಕೂಲಿ ಕಡಿಮೆ ಬಿದ್ದರೆ ಸಾಹುಕಾರನ ಎದುರು ನಿಂತು ಜೋರುಮಾಡಿ ಕೇಳುವವಳಿಗೆ. ಆಕೆ ಆ ನಾಚಿಕೆಯನ್ನು ಎಲ್ಲಿಂದ ತರಬೇಕು? ಒಡವೆಯ ಹಾಗೆ ಅದನ್ನೂ ಬಾಡಿಗೆಗೆ ತರಬೇಕಷ್ಟೆ. ಆಗ ಪೌಡರು, ನೆಗೆಟಿವ್ ಮೇಲೆ ಪೆನ್ಸಿಲು, ಈಗ ಕಂಪ್ಯೂಟರು. ಕಪ್ಪು ಮುಖ ಬೆಳ್ಳಗಾಗುತ್ತದೆ, ಅಂಗೈಯ ಬಿರುಕು ಮಾಯವಾಗುತ್ತದೆ. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ರವಿವರ್ಮನ ಛಾಪಖಾನೆ ಮನೆಮನೆಗೆ ಮುಟ್ಟಿಸಿದ ಬಿಳಿ ಲಕ್ಷ್ಮಿ ನಮ್ಮ ತಂಗಿಯ ಮೈಮೇಲೆ ಬರುತ್ತಾಳೆ. 'ಸಾಕ್ಷಾತ್ ಲಕ್ಷ್ಮಿ ಆಗ್ಯಾಳ' ಎಂದು ಹಿರಿಯರು ಹಿಗ್ಗುತ್ತಾರೆ. ನಮ್ಮವಳ ಹಾಗೆ ಕಾಣುತ್ತಿಲ್ಲ ಎಂಬುದೇ ಹೊಗಳಿಕೆ!

ಆದರೂ ಗೆಳೆಯರೆ, ಆ ಫೋಟೋ ಹರಿದುಹಾಕಿ ಎನ್ನಲು ನಮಗೆ ಬಾಯಿ ಬರುವುದಿಲ್ಲ. ನಮ್ಮ ಕೇರಿಯಲ್ಲಿ ಮುತ್ತು ಕಟ್ಟಿಸಿಕೊಂಡ ದೊಡ್ಡವ್ವಗಳಿದ್ದಾರೆ. ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾಯ್ದೆ 1982ರದು. ಇವರ ಕೊರಳಿಗೆ ಮುತ್ತು ಬಿದ್ದದ್ದು ಅದಕ್ಕೂ ಮುಂಚೆ. ಹೆಸರಿಗೆ ನಿತ್ಯ ಸುಮಂಗಲಿಯರು. ಪಕ್ಕದ ಕುರ್ಚಿಯಲ್ಲಿ ಯಾರೂ ಇಲ್ಲ. ಮಕ್ಕಳು ಸಾಲಿಗೆ ಸೇರುವಾಗ ತಂದೆಯ ಹೆಸರು ಕೇಳಿದರೆ ಇವರು ನೆಲ ನೋಡಬೇಕಾಯಿತು. ನಾವು ಗೇಲಿ ಮಾಡುವ ಆ ಮದುವೆ ಫೋಟೋವನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡುತ್ತ ನಿಲ್ಲುವವರು ಇವರೇ. ಸಿಗದಿದ್ದವರ ಹಂಬಲವನ್ನು ಸಿಕ್ಕವರು ಹೇಗೆ ಅಳೆಯಬೇಕು? ಒಬ್ಬಳನ್ನು ತಲೆ ತಗ್ಗಿಸಿ ನಿಲ್ಲಿಸಿದ್ದು, ಇನ್ನೊಬ್ಬಳನ್ನು ಚೌಕಟ್ಟಿನಿಂದಲೇ ಹೊರಗಿಟ್ಟಿದ್ದು ಒಂದೇ ಕೈ ಎಂದಷ್ಟೇ ನಮಗೆ ತೋರುತ್ತದೆ.

1942ರ ಜುಲೈಯಲ್ಲಿ ನಾಗಪುರದ ಮಹಿಳಾ ಸಮ್ಮೇಳನದಲ್ಲಿ ಬಾಬಾಸಾಹೇಬರು ಹೆಂಡತಿ ಗಂಡನ ಗೆಳತಿಯಾಗಬೇಕು, ಗುಲಾಮಳಲ್ಲ ಎಂದರು. ಕ್ರಾಂತಿಯ ಕವಿತೆ ಬರೆಯುವ ನಾವು ಫೋಟೋದವನ ಮುಂದೆ ಮಾತ್ರ ಕುರ್ಚಿ ಬಿಟ್ಟು ಎದ್ದವರಲ್ಲ.

ಮೊನ್ನೆ ಮಾನ್ವಿ ಕಡೆಯ ಒಂದು ಮದುವೆಯಲ್ಲಿ ಮದುಮಗಳು ಕೇಳಿಯೇಬಿಟ್ಟಳು: 'ತಲಿ ಯಾಕ ತಗ್ಗಿಸ್ಲಿ? ನಾ ಏನ್ ಕಳವು ಮಾಡೀನೇನು?' ಮದುಮಗನೂ ನಕ್ಕ. ಫೋಟೋದವ ಎರಡು ತೆಗೆದ. ಗೋಡೆಗೆ ಬಂದದ್ದು ತಲೆ ತಗ್ಗಿಸಿದ್ದು. ಇನ್ನೊಂದು ಅವಳ ಮೊಬೈಲಿನಲ್ಲಿದೆ; ಗೆಳತಿಯರಿಗೆ ತೋರಿಸುತ್ತಾಳೆ.